ಜಿರಲೆಗೆ ರೆಕ್ಕೆ ಯಾಕೆ?

2024ರ ಏಪ್ರಿಲ್ ಕೊನೇಲಿ ಬೆಂಗಳೂರಲ್ಲಿ ಇದ್ದವ್ರು ಆ ಸೆಖೆ ಇನ್ನೂ ಮರೆತಿರಲಿಕ್ಕಿಲ್ಲ. 38 ಡಿಗ್ರಿ ದಾಟಿತ್ತು, ಬೋರ್‌ವೆಲ್ ಬತ್ತಿ ಅಪಾರ್ಟ್‌ಮೆಂಟ್‌ನವ್ರೆಲ್ಲ ಟ್ಯಾಂಕರ್ ಹಿಂದೆ ಓಡಾಡ್ತಿದ್ದ ದಿನಗಳು, ರಾತ್ರಿ ಹನ್ನೊಂದಾದ್ರೂ ಗೋಡೆ ಮುಟ್ಟಿದ್ರೆ ಬೆಚ್ಚಗೆ. ಅಂಥ ಒಂದು ರಾತ್ರಿ ನೀರು ಕುಡಿಯೋಕೆ ಅಂತ ಅಡುಗೆಮನೆ ಲೈಟ್ ಹಾಕಿದ ಮಗಳು ಕಿರುಚಿದ ರೀತಿಗೆ ನಾವಿಬ್ರೂ ಎದ್ದು ಬಿದ್ದು ಓಡಿದ್ವಿ. ಫ್ರಿಜ್ ಮೇಲಿನ ಗೋಡೇಲಿ, ಸೀಲಿಂಗ್‌ಗೆ ಒಂದು ಗೇಣು ಕೆಳಗೆ, ಒಂದು ಜಿರಲೆ. ಸಿಂಕ್ ಕೆಳಗೆ ಯಾವಾಗ್ಲೂ ಇರೋ ಚಿಕ್ಕ ಕಂದು ಜಿರಲೆ ಅಲ್ಲ ಮತ್ತೆ, ಹೆಬ್ಬೆರಳಿನಷ್ಟು ದೊಡ್ಡದು, ಕೆಂಪು ಬಣ್ಣ, ಎರಡೂ ಮೀಸೆ ಒಂದೊಂದು ದಿಕ್ಕಿಗೆ ಆಡಿಸ್ತಾ ಆರಾಮಾಗಿ ಕೂತಿತ್ತು. ಸೆಖೆಗೆ ಯುಟಿಲಿಟಿ ಕಿಟಕಿ ತೆಗೆದೇ ಇಟ್ಟಿದ್ವಿ, ಡಕ್ಟ್ ಕಡೆಯಿಂದ ಬಂದಿರಬೇಕು.

ಇವ್ರು ಪೊರಕೆ ಹಿಡ್ಕೊಂಡು ಸ್ಟೂಲ್ ಹತ್ತಿದ್ರು. "ಅಮ್ಮಾ, ಹಾರುತ್ತಾ ಅದು?" ಅಂದ್ಲು ಮಗಳು. ನಾನು ಎಲ್ಲ ಗೊತ್ತಿರೋಳ ಥರ "ಇಲ್ಲ ಪುಟ್ಟಾ, ನಮ್ಮನೆ ಜಿರಲೆ ಹಾರಲ್ಲ" ಅಂದೆ. ಪೊರಕೆ ಬಿತ್ತು, ಗುರಿ ತಪ್ತು, ಜಿರಲೆ ಗೋಡೆ ಬಿಡ್ತು, ಆದ್ರೆ ನೆಲಕ್ಕೆ ಬೀಳೋ ಬದಲು ಪರ್ರ್ ಅಂತ ಸದ್ದು ಮಾಡ್ಕೊಂಡು ಬಂದು ಸೀದಾ ಇವ್ರ ಬನಿಯನ್ ಮೇಲೆ ಕೂತ್ಕೊಳ್ತು. ಆಮೇಲೆ ಆಗಿದ್ದನ್ನ ವಿವರವಾಗಿ ಬರೆದ್ರೆ ಮನೇಲಿ ಜಗಳ ಆಗುತ್ತೆ. ಮಗಳಿಗಿಂತ ಜೋರಾಗಿ ಕಿರುಚಿದ್ದು ಯಾರು ಅನ್ನೋದು ಕೆಳಗಿನ ಫ್ಲೋರ್‌ನವ್ರಿಗೂ ಗೊತ್ತು, ಅಷ್ಟು ಸಾಕು.

ಎಲ್ಲ ಮುಗಿದ ಮೇಲೆ ಮಗಳ ಸಿಟ್ಟು ಜಿರಲೆ ಮೇಲೆ ಇರ್ಲಿಲ್ಲ, ನನ್ನ ಮೇಲೆ. "ಹಾರಲ್ಲ ಅಂದೆ ನೀನು." ನಿಜ, ಅಂದಿದ್ದೆ. ತಮಾಷೆ ಅಂದ್ರೆ ಹಾರುತ್ತೆ ಅಂತ ನನಗೆ ಅವಳ ವಯಸ್ಸಿಗಿಂತ ಮುಂಚೇನೇ ಗೊತ್ತಿತ್ತು. ಬೆಂಗಳೂರಲ್ಲಿ ಇಪ್ಪತ್ತು ವರ್ಷ ಇದ್ದು ಮರೆತೇ ಹೋಗಿತ್ತು ನೋಡಿ.

ಅಮ್ಮಮ್ಮನ ಮನೆ ಕುಂದಾಪುರದ ಹತ್ರ. ಹಂಚಿನ ಮನೆ, ಮೇಲೆ ಪಕಾಸು ರೀಪು ಎಲ್ಲ ಹೊಗೆ ಹಿಡಿದು ಕಪ್ಪಾಗಿರೋದು, ಮೇ ತಿಂಗಳ ರಜೆಗೆ ಹೋದ್ರೆ ನಾವು ಆರೇಳು ಮಕ್ಕಳು ಚಾವಡೀಲಿ ಚಾಪೆ ಹಾಸ್ಕೊಂಡು ಸಾಲಾಗಿ ಮಲಗ್ತಿದ್ವಿ. ಮಳೆ ಇನ್ನೇನು ಬರುತ್ತೆ ಅನ್ನೋ ಹಾಗೆ ಮೋಡ ಕಟ್ಟಿ, ಬಾರದೆ, ಮೈಯೆಲ್ಲ ಅಂಟಂಟಾಗಿ, ಕರೆಂಟೂ ಹೋಗಿರ್ತಿತ್ತು. ಆಗ ಶುರು. ಮೇಲೆ ಎಲ್ಲೋ ಪಟಪಟ ಅಂತ ಸದ್ದು, ಚಿಮಣಿ ಬೆಳಕಲ್ಲಿ ಗೋಡೆ ಮೇಲೆ ಒಂದು ದೊಡ್ಡ ನೆರಳು ಹಾಯ್ದು ಹೋಗೋದು, ಆಮೇಲೆ ಯಾರದೋ ಹೊದಿಕೆ ಮೇಲೆ ಟಪ್. ಯಾರ ಹೊದಿಕೆ ಅಂತ ಗೊತ್ತಾಗೋವರೆಗೆ ಎಲ್ರೂ ಉಸಿರು ಹಿಡ್ಕೊಂಡು ಮಲಗಿರೋದು. ಅಮ್ಮಮ್ಮ ಒಳಗಿಂದಲೇ "ಒಂದ್ ಹುಳು ಹಾರ್ರೆ ಎಂತ ಆತ್ತ್ ಮಕ್ಳೇ, ಮನಿಕಣಿ" ಅಂತ ಕೂಗ್ತಿದ್ರು. ಅವ್ರೇ ಎದ್ದು ಬಂದ್ರೆ ಹಿಡಿಸೂಡೀಲಿ ಒಂದೇ ಏಟು. ಏಟು ತಪ್ಪಿದ್ದು ನಾನು ನೋಡಿಲ್ಲ.

ಹಾಗಾದ್ರೆ ಕುಂದಾಪುರದ ಜಿರಲೆ ಹಾರುತ್ತೆ, ಬೆಂಗಳೂರಿನದ್ದು ಹಾರಲ್ಲ, ಸರಿ. ಆದ್ರೆ ಆ ಏಪ್ರಿಲ್ ರಾತ್ರಿ ಬೆಂಗಳೂರಿನದ್ದೂ ಹಾರ್ತಲ್ಲ? ಮಗಳಿಗೆ ಸುಳ್ಳು ಹೇಳಿದ ಪಾಪಕ್ಕೆ ಅವತ್ತಿಂದ ಸುಮಾರು ಒಂದು ತಿಂಗಳು ಜಿರಲೆ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಆಫೀಸ್ ಲಂಚಲ್ಲಿ ನನ್ನ ಪಕ್ಕ ಕೂರೋರು ಕಡಿಮೆ ಆದ್ರು.

ಮೊದಲು ತಿಳಿದಿದ್ದು, ನಾನು ಒಂದೇ ಜಿರಲೆ ಅಂದ್ಕೊಂಡಿದ್ದು ಎರಡು. ಚಿಕ್ಕದು ದೊಡ್ಡದಾಗಿ ಆ ಹೆಬ್ಬೆರಳು ಗಾತ್ರಕ್ಕೆ ಬರುತ್ತೆ ಅಂತ ನಾನು ಇಷ್ಟು ವರ್ಷ ನಂಬಿದ್ದೆ. ಖಂಡಿತ ಇಲ್ಲ. ಸಿಂಕ್ ಕೆಳಗಿನದ್ದು ಬೇರೆ ಜಾತಿ, ಅದಕ್ಕೆ ಜರ್ಮನ್ ಜಿರಲೆ ಅಂತ ಹೆಸರು, ಪೂರ್ತಿ ಬೆಳೆದ್ರೂ ಒಂದೂವರೆ ಸೆಂಟಿಮೀಟರ್ ದಾಟಲ್ಲ, ಕುತ್ತಿಗೆ ಹಿಂದೆ ಎರಡು ಕಪ್ಪು ಗೆರೆ ಉದ್ದಕ್ಕೆ ಇರುತ್ತೆ. ಡಕ್ಟ್‌ನಿಂದ ಬರೋ ದೊಡ್ಡದು ಅಮೆರಿಕನ್ ಜಿರಲೆ, ಸುಮಾರು ನಾಲ್ಕು ಸೆಂಟಿಮೀಟರ್, ಕುತ್ತಿಗೆ ಹತ್ರ ಹಳದಿ ಅಂಚು. ಡ್ರೈನೇಜು, ಮ್ಯಾನ್‌ಹೋಲು, ಬಚ್ಚಲುಮನೆ, ಒದ್ದೆ ಇರೋ ಕಡೆ ಇದರ ವಾಸ, ಅಡುಗೆಮನೆಗೆ ಅತಿಥಿ ಅಷ್ಟೇ.

ಎರಡಕ್ಕೂ ರೆಕ್ಕೆ ಇದೆ. ಇದು ನನಗೆ ಹೊಸದು. ಚಿಕ್ಕದಕ್ಕೂ ನೀಟಾಗಿ ಬೆನ್ನು ಪೂರ್ತಿ ಮುಚ್ಚೋ ಹಾಗೆ ರೆಕ್ಕೆ ಇದೆ, ಹಾರೋದು ಮಾತ್ರ ಇಲ್ಲ. ಎತ್ತರದಿಂದ ಬಿದ್ರೆ ತೇಲಿ ಇಳಿಯುತ್ತೆ, ಅಷ್ಟೇ ಅದರ ವಿಮಾನಯಾನ. ದೊಡ್ಡದು ಹಾರುತ್ತೆ, ಆದ್ರೆ ಅದೂ ನೊಣದ ಥರ ಬೇಕೆಂದಲ್ಲಿ ಏರಿ ಬೇಕೆಂದಲ್ಲಿ ತಿರುಗೋ ಹಾರಾಟ ಅಲ್ಲ, ಹೆಚ್ಚಾಗಿ ಎತ್ತರದಿಂದ ತಗ್ಗಿಗೆ ಜಾರೋದು. ಮುಖಕ್ಕೆ ಬಂದು ಬೀಳುತ್ತೆ ಅಂತ ಎಲ್ರೂ ಹೇಳ್ತಾರಲ್ಲ, ಬೇಕಂತ ಬರೋದಲ್ಲ ಅದು. ಸ್ಟೀರಿಂಗ್ ಸರಿ ಇಲ್ಲ, ದಾರೀಲಿ ನಾವು ನಿಂತಿರ್ತೀವಿ.

ಇಲ್ಲೊಂದು ನಾಚಿಕೆ ವಿಷಯ ಹೇಳ್ಬೇಕು. ನಾನು ಪಿಯುಸೀಲಿ ಸೈನ್ಸ್ ತಗೊಂಡವಳು. ನಮ್ಮ ಕಾಲದಲ್ಲಿ ಜಿರಲೆ ಡಿಸೆಕ್ಷನ್ ಇತ್ತು. ಮೇಣ ತುಂಬಿದ ಟ್ರೇ, ಗುಂಡುಸೂಜಿ, ಕ್ಲೋರೋಫಾರ್ಮ್ ವಾಸನೆ, ಮೇಲೆ ನೀರು, ಜೀರ್ಣಾಂಗ ತುಂಡಾಗದ ಹಾಗೆ ಬಿಚ್ಚಿ ಹರಡಬೇಕು, ಲಾಲಾಗ್ರಂಥಿ ತೋರಿಸಿದ್ರೆ ಎಕ್ಸ್‌ಟ್ರಾ ಮಾರ್ಕ್ಸ್. ಹುಡುಗರು ಹಾಸ್ಟೆಲ್ ಬಚ್ಚಲಿಂದ ಡಬ್ಬಿಗಟ್ಟಲೆ ಹಿಡ್ಕೊಂಡು ಬರ್ತಿದ್ರು. ಎಷ್ಟು ವಾರ ಅದರ ಜೊತೆ ಕಳೆದಿದ್ದೀನಿ, ಆದ್ರೆ ರೆಕ್ಕೆ ನೋಡಿದ ನೆನಪೇ ಇಲ್ಲ. ಯಾಕಂದ್ರೆ ಮೊದಲ ಸ್ಟೆಪ್ಪೇ ಕಾಲು ರೆಕ್ಕೆ ಕತ್ತರಿಸಿ ಎಸೆಯೋದು! ಪಾಠ ಶುರುವಾಗೋ ಹೊತ್ತಿಗೆ ರೆಕ್ಕೆ ಕಸದಬುಟ್ಟೀಲಿ. ಈಗಿನ ಮಕ್ಕಳಿಗೆ ಕತ್ತರಿಸೋ ಕೆಲಸ ಇಲ್ಲ, ಆದ್ರೆ ಕೆಲವು ವರ್ಷದ ಹಿಂದಿನವರೆಗೂ ಫಸ್ಟ್ ಪಿಯು ಪುಸ್ತಕದಲ್ಲಿ ಇದೇ ಜಿರಲೆ ಪಾಠ ಇತ್ತು, ರೆಕ್ಕೆ ಬಗ್ಗೆ ಎರಡು ಸಾಲೂ ಇತ್ತು.

ಬನಿಯನ್ ಮೇಲೆ ಕೂತು ಆಮೇಲೆ ಪ್ರಾಣ ಕಳ್ಕೊಂಡಿತ್ತಲ್ಲ, ಅದನ್ನ ಮಾರನೇ ದಿನ ಹಳೇ ಪೇಪರ್ ಮೇಲೆ ಇಟ್ಕೊಂಡು ಮಗಳೂ ನಾನೂ ಕೂತ್ವಿ. ಇವ್ರು ಬಾಲ್ಕನಿಗೆ ಹೋದ್ರು. ಟೂತ್‌ಪಿಕ್‌ನಿಂದ ಮೇಲಿನ ರೆಕ್ಕೆ ಎತ್ತಿದ್ವಿ, ಅದು ಚರ್ಮದ ಥರ, ಒಣಗಿದ ಈರುಳ್ಳಿ ಸಿಪ್ಪೆಯ ಹೊರಪದರ ಇರುತ್ತಲ್ಲ ಆ ಬಣ್ಣ ಆ ಗಟ್ಟಿ. ಹಾರೋಕೆ ಅದರಿಂದ ಜಾಸ್ತಿ ಪ್ರಯೋಜನ ಇಲ್ಲ, ಅದು ಮುಚ್ಚಳ. ಅದರ ಕೆಳಗೆ ಇನ್ನೊಂದು ಜೊತೆ, ತೆಳ್ಳಗೆ, ಪಾರದರ್ಶಕ, ಬೀಸಣಿಗೆ ಮಡಚಿದ ಹಾಗೆ ನೆರಿಗೆ ನೆರಿಗೆಯಾಗಿ ಮಡಚಿತ್ತು. ನಿಧಾನಕ್ಕೆ ಬಿಚ್ತಾ ಹೋದ್ರೆ ಬಿಚ್ತಾನೇ ಹೋಯ್ತು. ಕಂದು ನರಗಳು, ಮಧ್ಯೆ ಮಧ್ಯೆ ಅಡ್ಡ ಎಳೆ, ಕಿಟಕಿ ಕಡೆ ಹಿಡಿದ್ರೆ ಬೆಳಕು ಆಚೆ ಬರ್ತಿತ್ತು. "ಅಮ್ಮಾ ಇದು ಚೆನ್ನಾಗಿದೆ" ಅಂದ್ಲು ಮಗಳು, ಸ್ವಲ್ಪ ಬೇಜಾರಿಂದಲೇ, ಚೆನ್ನಾಗಿರಬಾರದಿತ್ತು ಅನ್ನೋ ಹಾಗೆ. ರೆಕ್ಕೆ ತುದಿ ಹೊಟ್ಟೆಗಿಂತ ಆಚೆಗೆ ಚಾಚಿತ್ತು, ಹಿಂದುಗಡೆ ಎರಡು ದಪ್ಪ ಕಡ್ಡಿ ಮಧ್ಯೆ ಇನ್ನೆರಡು ಸಣ್ಣ ಕಡ್ಡಿ ಇತ್ತು, ಅಂದ್ರೆ ಗಂಡು.

ಆ ದಪ್ಪ ಕಡ್ಡಿಗಳ ಕಥೆ ಗೊತ್ತಾದ ಮೇಲೆ ನನಗೆ ಪೊರಕೆ ಏಟು ತಪ್ಪಿದ ರಹಸ್ಯ ಗೊತ್ತಾಯ್ತು. ಪ್ರತಿ ಕಡ್ಡಿ ಮೇಲೆ ಸುಮಾರು ಇನ್ನೂರು ಸೂಕ್ಷ್ಮ ಕೂದಲು. ಗಾಳಿ ಅಲುಗಿದ್ರೆ ಕೂದಲು ಅಲುಗುತ್ತೆ, ಯಾವ ಕಡೆಯಿಂದ ಗಾಳಿ ಬಂತು ಅಂತ ಗೊತ್ತಾಗುತ್ತೆ, ಸೆಕೆಂಡಿನ 20ರಲ್ಲಿ ಒಂದು ಭಾಗದಷ್ಟು ಹೊತ್ತಲ್ಲಿ ಜಿರಲೆ ಉಲ್ಟಾ ದಿಕ್ಕಿಗೆ ತಿರುಗಿ ಓಟ. ನಾವು ಚಪ್ಪಲಿ ಎತ್ತಿ ಬೀಸೋಕೆ ಶುರು ಮಾಡಿದ ಗಾಳೀನೇ ಅದಕ್ಕೆ ಸುದ್ದಿ ಮುಟ್ಟಿಸುತ್ತೆ. ಓಟವೂ ಎಂಥ ಓಟ, ಈ ಅಮೆರಿಕನ್ ಜಿರಲೆ ಸೆಕೆಂಡಿಗೆ ಒಂದೂವರೆ ಮೀಟರ್ ಓಡಿದ್ದನ್ನ ಲ್ಯಾಬಲ್ಲಿ ಅಳೆದಿದ್ದಾರೆ, ಅಂದ್ರೆ ತನ್ನ ಮೈ ಉದ್ದದ ಸುಮಾರು 50 ಪಟ್ಟು. ಪೂರ್ತಿ ಸ್ಪೀಡಲ್ಲಿ ಹಿಂದಿನ ಎರಡೇ ಕಾಲಲ್ಲಿ ಓಡುತ್ತಂತೆ, ಮನುಷ್ಯರ ಥರ.

ಇಷ್ಟು ಓಡೋಕೆ ಬರೋದು ಹಾರೋದು ಯಾಕೆ? ಇದಕ್ಕೆ 1980ರಲ್ಲೇ, ಲ್ಯಾಬಲ್ಲಿ ಜಿರಲೆ ಕಟ್ಟಿಹಾಕಿ ನೋಡಿದಾಗ, ಒಂದು ಉತ್ತರ ಸಿಕ್ಕಿತ್ತು. ಅದೇ ಕೂದಲು, ಅದೇ ನರ, ಅದೇ ಗಾಳಿ. ಕಾಲು ನೆಲಕ್ಕೆ ತಾಗಿದ್ರೆ ಓಡುತ್ತೆ. ಕಾಲಿಗೆ ಏನೂ ಸಿಗದೆ ಗಾಳೀಲಿ ಇದ್ರೆ ಅದೇ ಸಂದೇಶಕ್ಕೆ ರೆಕ್ಕೆ ಬಡಿಯುತ್ತೆ. ಒಂದೇ ಸ್ವಿಚ್ಚು, ಕಾಲಡಿ ನೆಲ ಇದೆಯೋ ಇಲ್ವೋ ಅನ್ನೋದ್ರ ಮೇಲೆ ಓಟವೋ ಹಾರಾಟವೋ ತೀರ್ಮಾನ. ಇದನ್ನ ಓದಿ ಮುಗಿಸಿದವಳು ನಾನು ಸೀದಾ ಹೋಗಿ ಇವ್ರಿಗೆ ಹೇಳಿದೆ, ಜಿರಲೆ ನಿಮ್ಮ ಮೇಲೆ ಹಾರಲಿಲ್ಲ, ನೀವೇ ಹಾರಿಸಿದ್ದು. ಗೋಡೇಲಿ ಅಷ್ಟು ಎತ್ತರದಲ್ಲಿ ಕೂತಿದ್ದನ್ನ ಪೊರಕೇಲಿ ಬಡಿದು ಕಾಲು ಕೀಳಿಸಿದ್ರೆ, ಮೇಲಿಂದ ಪೊರಕೆ ಗಾಳಿ ಬೇರೆ, ಅದು ಇನ್ನೇನು ಮಾಡ್ಬೇಕು? ಲ್ಯಾಬಲ್ಲಿ ಕಟ್ಟಿಹಾಕಿದ ಜಿರಲೆಗೂ ನಮ್ಮ ಫ್ರಿಜ್ ಮೇಲಿನ ಜಿರಲೆಗೂ ಪೂರ್ತಿ ಹೋಲಿಕೆ ಮಾಡೋದು ತಪ್ಪಿರಬಹುದು, ಆದ್ರೂ ಅಮ್ಮಮ್ಮ ಯಾವತ್ತೂ ಗೋಡೆ ಮೇಲಿನದ್ದಕ್ಕೆ ಹೊಡೀತಿರ್ಲಿಲ್ಲ, ನೆಲಕ್ಕೆ ಇಳಿಯೋವರೆಗೆ ಕಾಯ್ತಿದ್ರು ಅನ್ನೋದು ನನಗೆ ಈಗ ನೆನಪಾಗ್ತಿದೆ.

ಇನ್ನು ಸೆಖೆ. ಜಿರಲೆಗೆ ಮೈ ಬಿಸಿ ಮಾಡ್ಕೊಳ್ಳೋ ಒಲೆ ಒಳಗಿಲ್ಲ, ಸುತ್ತ ಎಷ್ಟು ಬಿಸಿಯೋ ಅಷ್ಟೇ ಮೈಯೂ ಬಿಸಿ. ಹಾರೋಕೆ ಬೇಕಾದ ಮಾಂಸಖಂಡ ಕೆಲಸ ಮಾಡಬೇಕು ಅಂದ್ರೆ ಬೆಚ್ಚಗಿರಬೇಕು. ಬೆಂಗಳೂರಿನ ಸಾಮಾನ್ಯ ರಾತ್ರೀಲಿ, ಡಿಸೆಂಬರ್ ಜನವರೀಲಂತೂ, ದೊಡ್ಡ ಜಿರಲೆಗೂ ಗಾಳಿಗೆ ಬೀಳೋ ಉತ್ಸಾಹ ಇರಲ್ಲ, ಓಡಿ ಪೈಪ್ ಸೇರ್ಕೊಳ್ಳುತ್ತೆ. ಕರಾವಳೀಲಿ ಮೇ ತಿಂಗಳ ರಾತ್ರಿ ಅಂದ್ರೆ ಅದಕ್ಕೆ ಹಬ್ಬ. ಬೇರೆ ಬೇರೆ ಜಿರಲೆ ಅಲ್ಲ, ಕುಂದಾಪುರದ್ದೂ ಬೆಂಗಳೂರಿಂದೂ ಒಂದೇ, ಊರಿನ ಹವಾಮಾನ ಬೇರೆ. ಬೆಂಗಳೂರು ಕರಾವಳಿ ಥರ ಆದ ಆ ಒಂದು ವಾರದಲ್ಲಿ ಇಲ್ಲಿನದ್ದಕ್ಕೂ ತನಗೆ ರೆಕ್ಕೆ ಇರೋದು ನೆನಪಾಯ್ತು ಅಂತ ಕಾಣುತ್ತೆ. ಇದು ನನ್ನ ಲೆಕ್ಕ. ಬೆಂಗಳೂರು ಇನ್ನೂ ಬಿಸಿಯಾದ್ರೆ ಏನು ಅಂತ ಯೋಚಿಸೋಕೆ ಇಷ್ಟ ಇಲ್ಲ.

ಹೆಸರಿನ ವಿಷಯ ಸ್ವಲ್ಪ ಹೇಳಿಬಿಡ್ತೀನಿ. ಅಮೆರಿಕನ್ ಅನ್ನೋ ಹೆಸರು 1758ರಲ್ಲಿ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡೋ ಪದ್ಧತಿ ತಂದ ಲಿನೇಯಸ್ ಕೊಟ್ಟಿದ್ದು, ಆದ್ರೆ ಅದರ ಮೂಲ ಆಫ್ರಿಕಾ, ಹಡಗುಗಳಲ್ಲಿ ಅಮೆರಿಕ ಸೇರಿದ್ದು. ಜರ್ಮನ್ ಅನ್ನೋ ಹೆಸರೂ ಅವನದ್ದೇ, 1767. ಆಗಷ್ಟೇ ಯುರೋಪಲ್ಲಿ ಏಳು ವರ್ಷದ ಯುದ್ಧ ಮುಗಿದಿತ್ತು, ಜರ್ಮನಿ ಕಡೆ ಅದನ್ನ ರಷ್ಯಾದವನು ಅಂತಿದ್ರು, ರಷ್ಯನ್ನರು ಇವತ್ತಿಗೂ ಅದನ್ನ ಪ್ರುಸಾಕ್, ಅಂದ್ರೆ ಪ್ರಷ್ಯಾ ಅನ್ನೋ ಆಗಿನ ಜರ್ಮನ್ ರಾಜ್ಯದವನು, ಅಂತ ಕರೀತಾರೆ. ಪಕ್ಕದ ಮನೆಯಿಂದ ಬರೋದು ಜಿರಲೆ ಅಂತ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ನಡೆಯೋ ಜಗಳ ಇದೆಯಲ್ಲ, ಅದೇ, ದೇಶದ ಲೆವೆಲ್ಲಲ್ಲಿ.

ನಿಜವಾಗ್ಲೂ ಎಲ್ಲಿಂದ ಬಂತು ಅಂತ ಗೊತ್ತಾಗಿದ್ದು ಅದೇ 2024ರ ಮೇ ತಿಂಗಳಲ್ಲಿ, ನಮ್ಮನೆ ಬನಿಯನ್ ಪ್ರಕರಣ ಆಗಿ ಮೂರು ವಾರಕ್ಕೆ. 17 ದೇಶಗಳಿಂದ 281 ಜಿರಲೆ ತರಿಸಿ ಡಿಎನ್ಎ ನೋಡಿದ ಸಂಶೋಧನೆ ಒಂದು ಹೊರಗೆ ಬಂತು. ಅದರ ಪ್ರಕಾರ ಈ ಜರ್ಮನ್ ಜಿರಲೆ ಹುಟ್ಟಿದ್ದು ನಮ್ಮ ಕಡೇನೇ, ಇಂಡಿಯಾ ಅಥವಾ ಮ್ಯಾನ್ಮಾರ್, ಸುಮಾರು 2100 ವರ್ಷದ ಹಿಂದೆ, ಜನ ಕಟ್ಟಿಕೊಂಡ ಮನೆಗಳಿಗೆ ಹೊಂದಿಕೊಂಡು. ಸುಮಾರು 1200 ವರ್ಷದ ಹಿಂದೆ ಪಶ್ಚಿಮಕ್ಕೆ, ಅರಬ್ಬರ ಕಡೆಗೆ ಹೋಯ್ತು. ಇನ್ನೊಂದು ದಾರಿ ಸುಮಾರು 390 ವರ್ಷದ ಹಿಂದೆ, ಡಚ್ಚರು ಇಂಗ್ಲಿಷರ ಹಡಗುಗಳ ಕಾಲದಲ್ಲಿ, ಪೂರ್ವಕ್ಕೆ. ಯುರೋಪಿಗೆ ಹೋಗಿದ್ದು ಅದಾದ ಮೇಲೆ, ಅಲ್ಲಿ ಲಿನೇಯಸ್ ಕೈಗೆ ಸಿಕ್ಕಿ ಜರ್ಮನ್ ಆಯ್ತು. ನಮ್ಮೂರಿನ ಹುಡುಗ ಫಾರಿನ್‌ಗೆ ಹೋಗಿ ಹೆಸರು ಬದಲಾಯಿಸ್ಕೊಂಡು ವಾಪಸ್ ಬಂದ ಹಾಗೆ.

ನನಗೆ ಇದರಲ್ಲಿ ಹಿಡಿಸಿದ್ದು ಡಚ್ಚರಲ್ಲ, ಅದರ ಅಪ್ಪ. ಜರ್ಮನ್ ಜಿರಲೆ ಬಂದಿದ್ದು ಏಷ್ಯನ್ ಜಿರಲೆ ಅನ್ನೋದ್ರಿಂದ. ಆ ಅಪ್ಪ ಇನ್ನೂ ಬದುಕಿದೆ, ಮನೆ ಹೊರಗೆ, ಹುಲ್ಲಲ್ಲಿ ತರಗೆಲೇಲಿ. ಎರಡನ್ನೂ ಪಕ್ಕ ಪಕ್ಕ ಇಟ್ರೆ ತಿಳಿದವ್ರಿಗೂ ಗುರುತಿಸೋದು ಕಷ್ಟ, ಅದೇ ಗಾತ್ರ, ಅದೇ ಎರಡು ಗೆರೆ. ಆದ್ರೆ ಏಷ್ಯನ್ ಜಿರಲೆ ಹಾರುತ್ತೆ, ಅದೂ ಚೆನ್ನಾಗಿ, ಸಂಜೆಯಾದ್ರೆ ಬೆಳಕಿಗೆ ಬರುತ್ತೆ. 1986ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಇದು ಪತ್ತೆಯಾಗಿದ್ದೂ ಹಾಗೇ, ಜರ್ಮನ್ ಜಿರಲೆ ಅಂದ್ಕೊಂಡಿದ್ದು ಹಾರಿ ಬಂದು ದೀಪಕ್ಕೆ ಟೀವಿಗೆ ಮುತ್ತೋಕೆ ಶುರುವಾಯ್ತು. ಅಂದ್ರೆ 2100 ವರ್ಷದಲ್ಲಿ ಮಗ ಮನೆ ಒಳಗೆ ಬಂದ, ಬೆಳಕು ಕಂಡ್ರೆ ಓಡೋದು ಕಲಿತ, ಹಾರೋದು ಬಿಟ್ಟ. ರೆಕ್ಕೆ ಮಾತ್ರ ಹಾಗೇ ಇಟ್ಕೊಂಡಿದ್ದಾನೆ, ಅಜ್ಜನ ಕಾಲದ ಕೋಟು ಬೀರೂಲಿ ಇಟ್ಟ ಹಾಗೆ. ಸಿಂಕ್ ಕೆಳಗೆ ಊಟ, ನೀರು, ಬಿಸಿ, ಹೆಣ್ಣು ಎಲ್ಲ ಎರಡು ಅಡಿ ಒಳಗೆ ಸಿಗುವಾಗ ಹಾರಿ ಎಲ್ಲಿಗೆ ಹೋಗ್ಬೇಕು? ಹಾರೋಕಾಗದ ಈ ಜಿರಲೆ ಪ್ರಪಂಚ ಪೂರ್ತಿ ಹರಡಿದ್ದು ನಮ್ಮ ಗೋಣಿಚೀಲ, ಪೆಟ್ಟಿಗೆ, ಹಡಗು, ರೈಲುಗಳಲ್ಲಿ. ಹೆಣ್ಣು ಮೊಟ್ಟೆಯ ಡಬ್ಬೀನೂ ಹಿಂದೆ ಕಚ್ಕೊಂಡೇ ಓಡಾಡುತ್ತೆ, ಒಂದ್ರಲ್ಲಿ 30-40 ಮೊಟ್ಟೆ, ಮರಿ ಆಗೋ ಹೊತ್ತಿಗೆ ಇಳಿಸುತ್ತೆ. ಸಂಸಾರ ಸಮೇತ ಟ್ರಾವೆಲ್.

ಈ ಹಾರೋದು ಬಿಡೋ ವ್ಯವಹಾರ ಜಿರಲೆಗಳಲ್ಲಿ ತುಂಬ ಕಡೆ ಇದೆ. ಸುಮಾರು 4600 ಜಾತಿ ಜಿರಲೆ ಇದೆ, ಮನುಷ್ಯರ ಹತ್ರ ಬರೋದು ಸುಮಾರು 30 ಮಾತ್ರ. ಓರಿಯೆಂಟಲ್ ಜಿರಲೆ ಅಂತ ಒಂದಿದೆ, ಹೆಣ್ಣಿಗೆ ರೆಕ್ಕೆ ಬದಲು ಎರಡು ಚೂರು, ಗಂಡಿಗೆ ಮುಕ್ಕಾಲು, ಎರಡೂ ಹಾರಲ್ಲ. ಕಂದುಪಟ್ಟೆ ಜಿರಲೆ ಅಂತ ಇನ್ನೊಂದು, ಬೀರು, ಟೀವಿ ಹಿಂದೆ ಇರೋದು, ಅದರಲ್ಲಿ ಗಂಡು ಹಾರುತ್ತೆ, ಹೆಣ್ಣಿಗೆ ಆಗಲ್ಲ. ಆಸ್ಟ್ರೇಲಿಯಾದಲ್ಲಿ ನೆಲ ಕೊರೆದು ಇರೋ ಘೇಂಡಾಮೃಗ ಜಿರಲೆ ಮೂವತ್ತು ಗ್ರಾಂ ದಾಟುತ್ತೆ, ರೆಕ್ಕೆಯೇ ಇಲ್ಲ. ಇದರ ಫೋಟೋ ನೋಡಿ ಮಗಳು, ಥ್ಯಾಂಕ್ ಗಾಡ್, ಇದು ಹಾರಲ್ಲ ಅಂದ್ಲು. ಹೆಣ್ಣುಗಳೇ ಹೆಚ್ಚಾಗಿ ರೆಕ್ಕೆ ಕಳ್ಕೊಳ್ಳೋದು ಯಾಕೆ ಅಂದ್ರೆ, ಹಾರೋ ಮಾಂಸಖಂಡ ಸಾಕೋ ಖರ್ಚನ್ನ ಮೊಟ್ಟೆಗೆ ಹಾಕ್ತಾವೆ ಅಂತ ಒಂದು ವಿವರಣೆ. ಇದನ್ನ ಓದುವಾಗ ನನಗೆ ಸ್ವಲ್ಪ ಸಿಟ್ಟು ಬಂತು, ಯಾರ ಮೇಲೆ ಅಂತ ಕೇಳ್ಬೇಡಿ.

ಒಂದನ್ನ ಮಾತ್ರ ನಾನು ನೋಡಿ ಜಿರಲೆ ಅಂತ ಗೊತ್ತಾಗದೆ ಹೋಗಿತ್ತು. ಕೆಲವು ವರ್ಷದ ಹಿಂದೆ ತುಮಕೂರು ಕಡೆ ಒಂದು ಕುರುಚಲು ಕಾಡಿನ ಬೆಟ್ಟ ಹತ್ತುವಾಗ, ಮುಂಗಾರಿನ ಸಂಜೆ, ತರಗೆಲೆ ಮೇಲೆ ಗುಂಡಗಿನ ಕಪ್ಪು ಹುಳ, ಮೇಲೆ ಬಿಳಿ ಚುಕ್ಕಿ, ಡಾಮಿನೋ ಆಟದ ಕಲ್ಲಿನ ಹಾಗೆ. ಎಷ್ಟು ಮುದ್ದಾಗಿದೆ ಅಂತ ಮೊಬೈಲ್ ಹತ್ರ ಹಿಡಿದು ಫೋಟೋ ತೆಗೆದಿದ್ದೆ, ಬೀಟಲ್ ಅಂತ ಸ್ಟೇಟಸ್ಸೂ ಹಾಕಿದ್ದೆ. ಅದು ಏಳು ಚುಕ್ಕಿ ಜಿರಲೆ, ದಕ್ಷಿಣ ಭಾರತದ್ದೇ. ಬೀಟಲ್ ಅಂತ ಅಂದ್ಕೊಂಡಿದ್ದು ನನ್ನ ದಡ್ಡತನ ಮಾತ್ರ ಅಲ್ಲ, ಅದು ಬೇಕಂತಲೇ ಮಾಡ್ಕೊಂಡಿರೋ ವೇಷ. ಬಿಳಿ ಚುಕ್ಕಿಯ ಒಂದು ನೆಲದ ಬೀಟಲ್ ಇದೆ, ಕೆಣಕಿದ್ರೆ ಉರಿಯೋ ರಸ ಸಿಡಿಸುತ್ತೆ, ಅದರ ಥರ ಕಾಣ್ಲಿ ಅಂತ. ಇನ್ನೂ ಮಜಾ ಇರೋದು ರೆಕ್ಕೇಲಿ. ಎಡಗಡೆ ಮೇಲ್ರೆಕ್ಕೇಲಿ ನಾಲ್ಕು ಬಿಳಿ ಚುಕ್ಕಿ, ಬಲಗಡೇದರಲ್ಲಿ ಮೂರೇ. ಯಾಕಂದ್ರೆ ಬಲಗಡೇದರ ನಾಲ್ಕನೇ ಜಾಗದ ಮೇಲೆ ಎಡಗಡೆ ರೆಕ್ಕೆ ಕೂರುತ್ತೆ, ಯಾರಿಗೂ ಕಾಣದ ಆ ಜಾಗದಲ್ಲಿ ಬಿಳಿ ಬದಲು ಒಂದು ಕಿತ್ತಳೆ ಚುಕ್ಕಿ. ಸೀರೆ ಒಳಸೆರಗಿಗೆ ಬೇರೆ ಬಣ್ಣ ಕೊಟ್ಟ ಹಾಗೆ. ಹಳೇ ಫೋಟೋ ತೆಗೆದು ಝೂಮ್ ಮಾಡಿ ಎಣಿಸಿದೆ, ಏಳು. ಕಿತ್ತಳೆ ನೋಡೋಕೆ ಆಗಲ್ಲ, ಅದು ರೆಕ್ಕೆ ಬಿಚ್ಚಬೇಕು.

ಇಷ್ಟೆಲ್ಲ ಓದಿದ ಮೇಲೆ ನನ್ನ ತಲೇಲಿ ಉಳಿದ ಪ್ರಶ್ನೆ ಹಾರುತ್ತಾ ಇಲ್ವಾ ಅನ್ನೋದಲ್ಲ, ರೆಕ್ಕೆ ಯಾಕೆ ಅಷ್ಟು ತಡ ಅನ್ನೋದು. ಆ ಪಿಯು ಪುಸ್ತಕದಲ್ಲೇ ಇತ್ತು, ದೊಡ್ಡ ಜಿರಲೆ ಮರಿ ಸುಮಾರು 13 ಸಲ ಪೊರೆ ಕಳಚುತ್ತೆ, ಅಷ್ಟೂ ದಿನ ರೆಕ್ಕೆ ಇಲ್ಲ. ಕೊನೆ ಪೊರೆಗೆ ಮುಂಚೆ ಬೆನ್ನ ಮೇಲೆ ಎರಡು ಸಣ್ಣ ಗಂಟು ಥರ ಬರುತ್ತೆ, ಕೊನೆ ಸಲ ಪೊರೆ ಬಿಟ್ಟಾಗಲೇ ರೆಕ್ಕೆ. ಆಗತಾನೆ ಪೊರೆ ಬಿಟ್ಟದ್ದು ಹಾಲಿನಂಗೆ ಬೆಳ್ಳಗಿರುತ್ತೆ, ಕೆಲವು ಗಂಟೇಲಿ ಕಂದು ತಿರುಗುತ್ತೆ. ಬಿಳಿ ಜಿರಲೆ ನೋಡಿದ್ದೀನಿ ಅಂತ ಯಾರಾದ್ರೂ ಹೇಳಿದ್ರೆ ನೋಡಿರೋದು ಇದನ್ನೇ. ಅಂದ್ರೆ ರೆಕ್ಕೆ ಬಾಲ್ಯಕ್ಕೆ ಅಲ್ಲ, ಹೊಟ್ಟೆಪಾಡಿಗೂ ಅಲ್ಲ. ತಿಂದು ಓಡಿ ಬಚ್ಚಿಟ್ಕೊಂಡು ಬೆಳೆಯೋದೆಲ್ಲ ರೆಕ್ಕೆ ಇಲ್ಲದೇ ಆಗುತ್ತೆ. ದೊಡ್ಡದಾದ ಮೇಲೆ ಜೊತೆ ಹುಡುಕೋಕೆ, ಹೊಸ ಜಾಗ ನೋಡೋಕೆ, ಅಷ್ಟಕ್ಕೆ ಕೊಟ್ಟಿರೋದು ಅಂತ ನನಗನಿಸುತ್ತೆ.

ಕೆಲಸ ಮುಗಿದ್ರೆ? ಜಪಾನಿನಲ್ಲಿ ಕೊಳೆತ ಮರದೊಳಗೆ ಸುರಂಗ ಮಾಡ್ಕೊಂಡು ಇರೋ ಒಂದು ಜಿರಲೆ ಇದೆ, ಗಂಡು ಹೆಣ್ಣು ಜೀವನಪೂರ್ತಿ ಜೊತೇಲಿದ್ದು ಮಕ್ಕಳನ್ನ ಸಾಕೋ ಜಾತಿ. ಅವೆರಡೂ ಕೂಡಿದ ಮೇಲೆ ಒಬ್ರ ರೆಕ್ಕೆ ಒಬ್ರು ತಿಂತಾವೆ. ನಿಧಾನಕ್ಕೆ, ಒಂದು ಕೂತಿರುತ್ತೆ, ಇನ್ನೊಂದು ಬೆನ್ನಿಗೆ ಹತ್ತಿ ಮೇಯುತ್ತೆ, ಆಮೇಲೆ ಸರದಿ ಬದಲು. 2021ರಲ್ಲಿ ಕ್ಯುಶು ಯೂನಿವರ್ಸಿಟಿಯವ್ರು ಇದನ್ನ ವಿಡಿಯೋ ಮಾಡಿ ಬರೆದ್ರು. ಇನ್ನು ಯಾವತ್ತೂ ಹಾರೋ ಹಾಗಿಲ್ಲ, ಇಬ್ರೂ. ಇಕ್ಕಟ್ಟಿನ ಸುರಂಗದಲ್ಲಿ ರೆಕ್ಕೆ ಅಡ್ಡ ಬರುತ್ತೆ ಅನ್ನೋದು ಒಂದು ಊಹೆ. ನಾನು ಇದನ್ನ ಇವ್ರಿಗೆ ಓದಿ ಹೇಳಿದೆ, ಹೇಳಿ ಇಬ್ರೂ ಸ್ವಲ್ಪ ಹೊತ್ತು ಸುಮ್ನೆ ಇದ್ವಿ, ಆಮೇಲೆ ಇವ್ರು "ಇಎಂಐ ಡೇಟ್ ನಾಳೆ ಅಲ್ವಾ" ಅಂದ್ರು.

ಇದರ ಇನ್ನೊಂದು ರೂಪ ನಾವೆಲ್ಲ ನೋಡಿದ್ದೀವಿ, ನೋಡಿ ಗುಡಿಸಿದ್ದೀವಿ. ಗೆದ್ದಲು ಇದೆಯಲ್ಲ, ಅದು ಇರುವೆ ಕಡೆಯವ್ರು ಅಂತ ನಾನು ತಿಳ್ಕೊಂಡಿದ್ದೆ, ಬಿಳಿ ಇರುವೆ ಅಂತಾನೂ ಅಂತಾರೆ. ಅಲ್ಲ, ಗೆದ್ದಲು ಜಿರಲೆ ವಂಶ. ಮರ ತಿನ್ನೋ ಜಿರಲೆಗಳೇ ಅದಕ್ಕೆ ಹತ್ರದ ನೆಂಟರು, 2007ರಲ್ಲಿ ಡಿಎನ್ಎ ನೋಡಿ ಗೆದ್ದಲಿಗೆ ಅಂತ ಇದ್ದ ಬೇರೆ ಗಣಾನೇ ಬೇಡ, ಜಿರಲೆ ಮನೆಗೇ ಸೇರಿಸಿ ಅಂದ್ರು. ಮೊದಲ ಮಳೆ ಬಿದ್ದ ಸಂಜೆ ಟ್ಯೂಬ್‌ಲೈಟ್ ಸುತ್ತ ಸಾವಿರಾರು ಬರ್ತಾವಲ್ಲ ಈಚಲು ಹುಳ, ಕೆಲವು ಕಡೆ ಈಸಲು ಅಂತಾರೆ, ಅದು ಗೆದ್ದಲಿನ ರಾಜ ರಾಣಿಯರ ಮದುವೆ ದಿಬ್ಬಣ. ಒಂದೇ ಸಂಜೆ ಹಾರೋದು. ನೆಲಕ್ಕೆ ಇಳಿದ ಮೇಲೆ ರೆಕ್ಕೆ ತಾವೇ ಬುಡದಲ್ಲಿ ಮುರಿದು ಹಾಕಿ, ಜೋಡಿ ಜೋಡಿಯಾಗಿ, ಒಂದರ ಹಿಂದೆ ಒಂದು ನಡ್ಕೊಂಡು ಬಿಲ ಹುಡುಕೋಕೆ ಹೋಗ್ತಾವೆ.

ಅಮ್ಮಮ್ಮನ ಮನೇಲಿ ಆ ಸಂಜೆ ದೀಪದ ಕೆಳಗೆ ಅಗಲವಾದ ಪಾತ್ರೇಲಿ ನೀರು ಇಡ್ತಿದ್ರು, ಬಿದ್ದದ್ದೆಲ್ಲ ಬೆಳಗ್ಗೆ ಕೋಳಿಗೆ. ಹುರಿದು ಅವಲಕ್ಕಿ ಜೊತೆ ತಿನ್ನೋ ಊರೂ ಇದೆ, ನಮ್ಮನೇಲಿ ಇರ್ಲಿಲ್ಲ. ಹಾರೋ ಜಿರಲೆಗೆ ಚಾಪೆ ಕೆಳಗೆ ನುಗ್ತಿದ್ದ ನಾವೇ ಮಕ್ಕಳು ಈಚಲು ಹುಳ ಬಂದ್ರೆ ಕೈಯಲ್ಲಿ ಹಿಡಿದು ಕುಣೀತಿದ್ವಿ. ಒಂದೇ ವಂಶ ಅಂತ ಯಾರೂ ಹೇಳಿರ್ಲಿಲ್ಲವಲ್ಲ.

ಈ ಸಲ ಮೇ ಕೊನೇಲಿ ಜೋರು ಮಳೆ ಬಂತು. ಬಾಲ್ಕನಿ ಲೈಟ್‌ಗೆ ಈಚಲು ಬಂದ್ವು, ಹದಿನೈದು ನಿಮಿಷ, ಆಮೇಲೆ ನಿಂತೇಹೋಯ್ತು. ಬೆಳಗ್ಗೆ ಎದ್ದು ನೋಡಿದ್ರೆ ನೆಲದ ತುಂಬ ರೆಕ್ಕೆ, ಒಂದೇ ಒಂದು ಹುಳ ಇಲ್ಲ. ಗುಡಿಸೋಕೆ ಹೋದ್ರೆ ಪೊರಕೆ ಗಾಳಿಗೇ ಎದ್ದು ಎದ್ದು ಬೇರೆ ಕಡೆ ಹೋಗಿ ಕೂರ್ತಿದ್ವು. ಮಗಳು ನಾಲ್ಕು ಹೆಕ್ಕಿ ಸೈನ್ಸ್ ನೋಟ್‌ಬುಕ್ಕಲ್ಲಿ ಅಂಟಿಸಿ ಕೆಳಗೆ ಜಿರಲೆ ರೆಕ್ಕೆ ಅಂತ ಬರೆದ್ಲು. ಟೀಚರ್ ಅದಕ್ಕೆ ಕೆಂಪು ಪೆನ್ನಲ್ಲಿ ತಪ್ಪು ಹಾಕಿ ಕಳಿಸಿದ್ದಾರೆ. ಈಗ ಅವಳು ನನ್ನ ಹತ್ರ ಪ್ರೂಫ್ ಕೇಳ್ತಿದ್ದಾಳೆ, ಇವ್ರು ಬೆಡ್‌ರೂಮಲ್ಲಿ ವಾರ್ಡ್‌ರೋಬ್ ಹಿಂದಿನ ಪ್ಲೈವುಡ್ ಬಡಿದು ಬಡಿದು ನೋಡ್ತಿದ್ದಾರೆ.